ಹಣ್ಣಿನ ಬುಟ್ಟಿಯಲ್ಲೂ ವಿವೇಕ

ರೋಗಿಯನ್ನು ನೋಡಹೋಗುವವರು ಬರಿಗೈಯಲ್ಲಿ ಹೋಗಬಾರದೆಂಬುದು ಕನ್ನಡನಾಡಿನ ಹಳೆಯ ರೂಢಿ. ಒಂದು ಚಿಪ್ಪು ಬಾಳೆಹಣ್ಣು, ನಾಲ್ಕು ಮೂಸಂಬಿ, ಎರಡು ಎಳನೀರು ಅಕ್ಕರೆಯ ಗುರುತುಗಳಾಗಿ ರೋಗಿಯ ಮಂಚದ ಬಳಿ ಸೇರುತ್ತವೆ. "ಎಳನೀರು ತಂಪಲ್ಲವೆ? ಮಾವನವರಿಗೆ ಒಂದು ಲೋಟ ಕೊಡಮ್ಮ" ಎಂದು ಅತ್ತೆ ಸೊಸೆಗೆ ಹೇಳುವುದೂ ಸಹಜವೇ. ಆದರೆ ಮಾವನವರ ಮೂತ್ರಪಿಂಡಗಳು ಸೋತಿದ್ದರೆ ಆ ಒಂದು ಲೋಟವೇ ಅಪಾಯಕ್ಕೆ ದಾರಿಯಾದೀತು.

ಇದಕ್ಕೆ ಕಾರಣ ಪೊಟ್ಯಾಸಿಯಂ. ಅದಿಲ್ಲದೆ ಸ್ನಾಯು ದುಡಿಯದು, ಹೃದಯ ಮಿಡಿಯದು. ಆಹಾರದಿಂದ ದೇಹಕ್ಕೆ ಸೇರಿದ ಪೊಟ್ಯಾಸಿಯಮ್ಮಿನಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಹೊರಹಾಕುವ ಹೊಣೆ ಮೂತ್ರಪಿಂಡಗಳದು. ಅವು ದುರ್ಬಲವಾದಾಗ ಅದು ರಕ್ತದಲ್ಲಿಯೇ ಉಳಿದುಬಿಡುತ್ತದೆ. ಒಂದು ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳವರೆಗೆ ಇರಬೇಕಾದದ್ದು 6ನ್ನು ಮೀರಿದರೆ ಹೃದಯದ ಬಡಿತ ತಾಳ ತಪ್ಪಬಹುದು. ಕೆಲವೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ನಿಂತೂಬಿಡಬಹುದು.

ಹಾಗೆಂದು ಹಣ್ಣನ್ನೇ ತ್ಯಜಿಸಬೇಕಾಗಿಲ್ಲ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 350 ಮಿಲಿಗ್ರಾಂ ಪೊಟ್ಯಾಸಿಯಂ ಇದ್ದರೆ, ಸೀಬೆಯಲ್ಲಿ 400ರ ಆಸುಪಾಸು ಇರುತ್ತದೆ. ಅಷ್ಟೇ ತೂಕದ ಸೇಬಿನಲ್ಲಿ ಇರುವುದು ಸುಮಾರು 110. ಅನಾನಸು, ಮರಸೇಬುಗಳೂ ಇದೇ ಪಂಕ್ತಿಯವು. ನೇರಳೆಯಲ್ಲಿ ಇನ್ನೂ ಕಡಮೆ. ಹಲಸು, ಖರ್ಜೂರ, ಒಣದ್ರಾಕ್ಷಿಗಳಿಂದ ದೂರವಿರುವುದು ಲೇಸು. ಹಣ್ಣು ಒಣಗಿದಾಗ ಆರುವುದು ನೀರು ಮಾತ್ರ. ಪೊಟ್ಯಾಸಿಯಂ ಅಲ್ಲಿಯೇ ಉಳಿಯುತ್ತದೆ. ಹಣ್ಣಿನ ರಸದ ಮಾತೂ ಹೀಗೆಯೇ. ಒಂದು ಮೂಸಂಬಿ ತಿಂದು ತೃಪ್ತಿಪಡುವವರು ಒಂದು ಲೋಟ ರಸದಲ್ಲಿ ಮೂರು ನಾಲ್ಕನ್ನು ಅರಿವಿಲ್ಲದೆಯೇ ಕುಡಿದಿರುತ್ತಾರೆ.

ಅಳತೆಯ ವಿಚಾರವನ್ನೂ ಮರೆಯುವಂತಿಲ್ಲ. ಕಲ್ಲಂಗಡಿ ತೂಕಕ್ಕೆ ತಕ್ಕಂತೆ ನಿರಪಾಯಕರವೆನಿಸಿದರೂ ತಟ್ಟೆ ತುಂಬ ತಿಂದರೆ ಲೆಕ್ಕ ಬಾಳೆಹಣ್ಣನ್ನು ಮೀರುತ್ತದೆ. ನೀರಿನ ಮಿತಿಯುಳ್ಳವರಿಗೆ ಅದರ ನೀರೂ ಹೊರೆಯೇ.

ಇನ್ನು ಅಡ್ಡಲಾಗಿ ಕೊಯ್ದರೆ ನಕ್ಷತ್ರದಂತೆ ಕಾಣುವ ಕಮರಾಕ್ಷಿ ಹಣ್ಣು. ಕೆಲವೆಡೆ ಇದನ್ನು ಧಾರೆಹುಳಿ ಎನ್ನುವರು. ಮೂತ್ರಪಿಂಡದ ರೋಗಿಗಳು ಇದನ್ನು ಒಂದು ಹೋಳನ್ನೂ ಮುಟ್ಟಬಾರದು. ಇದರಲ್ಲಿರುವ ವಿಷಾಂಶ ಮೆದುಳಿಗೇರಿ, ನಿಲ್ಲದ ಬಿಕ್ಕಳಿಕೆಯಿಂದ ಮೊದಲಾಗಿ ಪ್ರಾಣಹಾನಿಯವರೆಗೂ ಕೊಂಡೊಯ್ಯಬಲ್ಲದು.

ಮೂತ್ರಪಿಂಡದ ತೊಂದರೆಯುಳ್ಳವರೆಲ್ಲರಿಗೂ ಈ ಕಟ್ಟು ಅನ್ವಯಿಸುವುದಿಲ್ಲವೆಂಬುದನ್ನೂ ಹೇಳಬೇಕು. ಕೆಲವರಲ್ಲಿ ಔಷಧಿಯ ಪರಿಣಾಮವಾಗಿ ಪೊಟ್ಯಾಸಿಯಂ ಕುಗ್ಗಿರುವುದೂ ಉಂಟು. ರಕ್ತಪರೀಕ್ಷೆಯ ಅಂಕಿಯನ್ನು ನೋಡಿ ವೈದ್ಯರು ಹೇಳಿದ ಮಿತಿಯೇ ಪ್ರಮಾಣ. ಮನೆಯ ಇತರರು ಬಾಳೆಹಣ್ಣನ್ನು ಬಿಡಬೇಕಾದ ಕಾರಣವಿಲ್ಲ. ಆರೋಗ್ಯವಂತರಿಗೆ ಅದು ಹಿತವೇ.

ಸಂಜೆ ಮನೆಮಂದಿಯೆಲ್ಲ ಹಣ್ಣು ತಿನ್ನುವಾಗ ಹಿರಿಯರೊಬ್ಬರೇ ಬರಿದೆ ನೋಡುತ್ತ ಕುಳಿತಿರುವುದು ರೋಗಕ್ಕಿಂತಲೂ ಕಠಿನವಾದ ದುಃಖ. ಅವರ ತಟ್ಟೆಯಲ್ಲಿ ಸೇಬಿನ ನಾಲ್ಕು ಹೋಳುಗಳನ್ನಿಟ್ಟು ಪಂಕ್ತಿಯಲ್ಲಿ ಕೂಡಿಸಿಕೊಳ್ಳುವ ಗೃಹಿಣಿ, ಪಥ್ಯವನ್ನೂ ಪ್ರೀತಿಯನ್ನೂ ಒಟ್ಟಿಗೆ ನಡೆಸಿದಂತಾಯಿತು.