ಮೈ ಜುಮ್ಮೆನ್ನಲಿ, ಮುಜುಗರವಾಗದಿರಲಿ

ಸಿನಿಮಾಕ್ಕೆ ಹೋದರೆ ಪರದೆಯ ಮೇಲೆ ಮೊದಲು ಕಾಣುವುದು ಸೆನ್ಸಾರ್ ಸರ್ಟಿಫಿಕೇಟು. 'ಯು' ಎಂದಿದ್ದರೆ ಮಕ್ಕಳೊಂದಿಗೆ ನಿಶ್ಚಿಂತೆಯಿಂದ ಕೂರಬಹುದು, 'ಎ' ಎಂದಿದ್ದರೆ ದೊಡ್ಡವರಿಗೆ ಮಾತ್ರ. ಕಾದಂಬರಿಗಳಿಗೆ ಅಂಥ ವ್ಯವಸ್ಥೆಯಿಲ್ಲ. ಅಂಗಡಿಯವರು ಮುಖಪುಟ ತೋರಿಸುತ್ತಾರೆ, ಬೆಲೆ ಹೇಳುತ್ತಾರೆ. ಒಳಗೆ ಏನಿದೆಯೆಂಬುದು ಓದಲು ಕುಳಿತ ಮೇಲೆಯೇ ತಿಳಿಯಬೇಕು.

ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳ ತೊಂದರೆಯೂ ಇದೇ. ಅವಳಿಗೆ ಪತ್ತೇದಾರಿ ಕಥೆ, ಮಾಯಾಲೋಕದ ಕಥೆ ಎಂದರೆ ಪ್ರಾಣ. ಆದರೆ ನಡುವೆ ಧುತ್ತೆಂದು ಎದುರಾಗುವ ಹಸಿಹಸಿ ವರ್ಣನೆ ಬೇಡ. ಅಂಥದೊಂದು ಪುಟ ತಂದೆಯ ಕಣ್ಣಿಗೂ ಬಿದ್ದು, ಮನೆಗೆ ಕಾದಂಬರಿ ಬರುವುದೇ ನಿಂತುಹೋಗಿದೆಯಂತೆ. ಗೆಳತಿಯರೋ, "ನೀನಿನ್ನೂ ಮಗು ಕಣೇ" ಎಂದು ನಗುತ್ತಾರಂತೆ.

ಮೊದಲು ಗೆಳತಿಯರಿಗೆ ಉತ್ತರ. ಬೇಡದ್ದನ್ನು ಬೇಡ ಎನ್ನುವುದು ಎಳಸುತನವಲ್ಲ, ಅಭಿರುಚಿ. ಖಾರ ಒಲ್ಲದವರ ಎಲೆಗೆ ಬಲವಂತವಾಗಿ ಉಪ್ಪಿನಕಾಯಿ ಬಡಿಸುವವರುಂಟೆ? ಇನ್ನು ತಂದೆಯವರಿಗೆ ಒಂದು ಮಾತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಬೇಡ. ಕಾದಂಬರಿಗೆ ಬಾಗಿಲು ಮುಚ್ಚಿದರೆ ಅದು ಫಿಸಿಕ್ಸ್ ಪುಸ್ತಕದ ಅಡಿಯಲ್ಲಿ ಅಡಗಿ ಒಳಗೆ ಬರುತ್ತದೆ. ಆಮೇಲೆ ಮಗಳು ಏನು ಓದುತ್ತಿದ್ದಾಳೆಂದು ಕೇಳುವ ದಾರಿಯೂ ಇರುವುದಿಲ್ಲ.

ನಿಜ ಹೇಳಬೇಕೆಂದರೆ, 'ಮುಂದೇನಾಯಿತು?' ಎಂಬ ಕುತೂಹಲವೇ ಇಂಥ ಕಥೆಗಳ ಜೀವಾಳ. ಅದನ್ನು ಕೊನೆಯವರೆಗೂ ಕಾಯ್ದುಕೊಳ್ಳಬಲ್ಲ ಲೇಖಕನಿಗೆ ಬೇರೆ ಮಸಾಲೆ ಬೇಕಾಗುವುದಿಲ್ಲ. ಸ್ಕಾಟ್ಲೆಂಡಿನ ಆಲಿಸ್ಟೇರ್ ಮೆಕ್ಲೀನ್ ಅವರನ್ನೇ ನೋಡಿ. ಶಾಲಾ ಮಾಸ್ತರರಾಗಿದ್ದವರು. 1957ರಲ್ಲಿ ಬಂದ ಅವರ 'ದಿ ಗನ್ಸ್ ಆಫ್ ನವರೋನ್' ಎರಡನೆಯ ಮಹಾಯುದ್ಧದ ಸಾಹಸದ ಕಥೆ. ಪ್ರಣಯ ಪ್ರಸಂಗಗಳು ಕಥೆಯ ಓಟಕ್ಕೆ ಅಡ್ಡಿ ಎಂಬುದು ಅವರ ನಿಲುವಾಗಿತ್ತು. 1961ರಲ್ಲಿ ಅದು ಸಿನಿಮಾ ಆದಾಗ, ಕಾದಂಬರಿಯಲ್ಲಿ ಗಂಡಸರಾಗಿದ್ದ ಇಬ್ಬರು ಗ್ರೀಕ್ ಹೋರಾಟಗಾರರನ್ನು ಹೆಂಗಸರನ್ನಾಗಿ ಮಾಡಿದರು! ಸಿನಿಮಾಕ್ಕೆ ಬೇಕಾಯಿತು, ಪುಸ್ತಕಕ್ಕೆ ಬೇಕಿರಲಿಲ್ಲ. ಯುದ್ಧದ ಕಥೆಯಾದ್ದರಿಂದ ಸಾವುನೋವು ಇದ್ದೇ ಇದೆ, ಅದನ್ನು ತಿಳಿದು ಓದಬೇಕು.

ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ವಿಷ ಹೇಗೆ ಕೆಲಸ ಮಾಡುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1920ರ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಓದಿ. ಕೊಲೆಯೇನೋ ಇದೆ, ಆದರೆ ಲೇಖಕಿ ರಕ್ತವನ್ನು ಚಪ್ಪರಿಸುತ್ತಾ ಕೂರುವುದಿಲ್ಲ. ಗಮನವೆಲ್ಲ ಒಗಟಿನ ಮೇಲೆ. ಕಾನನ್ ಡಾಯ್ಲ್ ಅವರ 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' (1902) ಕೂಡ ಹಾಗೆಯೇ. ಅದರ ಕೊನೆಗೆ ಒಂದು ರಾಸಾಯನಿಕದ ವಿಷಯ ಬರುತ್ತದೆ. ಅದು ನಿಜವಾಗಿ ಸಾಧ್ಯವೇ ಎಂದು ಓದಿ ಮುಗಿಸಿದ ಮೇಲೆ ನಿಮ್ಮ ಕೆಮಿಸ್ಟ್ರಿ ಮೇಷ್ಟ್ರನ್ನು ಕೇಳಿ. ಒಳ್ಳೆಯ ಚರ್ಚೆಯಾದೀತು.

ನಮ್ಮ ದೇಶದವರೇ ಬೇಕೆಂದರೆ ಸತ್ಯಜಿತ್ ರಾಯ್ ಇದ್ದಾರೆ. ಅವರ ಪತ್ತೇದಾರ ಫೆಲೂದಾ 1965ರಲ್ಲಿ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಹುಟ್ಟಿದವನು. ಓದುವವರು ಮಕ್ಕಳೆಂದು ತಿಳಿದೇ ಬರೆದದ್ದರಿಂದ ಮನೆಮಂದಿಯೆಲ್ಲ ಓದಬಹುದು. ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತವೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇದೆ. ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಟವರ ಕಥೆ. ಬಂದೂಕು, ಕೊಲೆ ಯಾವುದರ ಹಂಗೂ ಇಲ್ಲದೆ ಉಸಿರು ಬಿಗಿಹಿಡಿದು ಓದಿಸುತ್ತದೆ. ಅದು ಹಿಡಿಸಿದವರು ಕಳ್ಳಸಾಗಣೆಯ ಜಾಲದ ಸುತ್ತ ಹೆಣೆದ 'ಜುಗಾರಿ ಕ್ರಾಸ್' ಎತ್ತಿಕೊಳ್ಳಬಹುದು.

ಇನ್ನು ಫ್ಯಾಂಟಸಿ. ಇಲ್ಲಿ ತಂದೆತಾಯಿಗಳು ಎಚ್ಚರ ತಪ್ಪುವುದುಂಟು. ಡ್ರ್ಯಾಗನ್ನು, ಕತ್ತಿ, ಕೋಟೆ ಕಂಡರೆ ಮಕ್ಕಳ ಪುಸ್ತಕವೆಂದೇ ನಂಬಿಬಿಡುತ್ತಾರೆ. 1996ರಲ್ಲಿ ಬಂದ 'ಎ ಗೇಮ್ ಆಫ್ ಥ್ರೋನ್ಸ್'ನಲ್ಲಿ ಇವೆಲ್ಲವೂ ಇವೆ. ಆದರೆ ಅದು ಪೂರ್ತಿ ದೊಡ್ಡವರ ಪುಸ್ತಕ, ಕಾಮ ಕ್ರೌರ್ಯ ಎರಡೂ ಧಾರಾಳ. ಟಾಲ್ಕಿನ್ ಅವರ 'ದಿ ಹಾಬಿಟ್' (1937) ಹಾಗಲ್ಲ. ಅದರ ಹಸ್ತಪ್ರತಿಯನ್ನು ಪ್ರಕಾಶಕರು ತಮ್ಮ ಹತ್ತು ವರ್ಷದ ಮಗನಿಗೆ ಕೊಟ್ಟು, ಒಂದು ಶಿಲ್ಲಿಂಗ್ ಸಂಭಾವನೆಯಿತ್ತು ಅಭಿಪ್ರಾಯ ಬರೆಸಿಕೊಂಡಿದ್ದರು. ಹುಡುಗ ಒಪ್ಪಿದ, ಪುಸ್ತಕ ಅಚ್ಚಾಯಿತು. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಮಾಲೆಯ ಏಳು ಪುಸ್ತಕಗಳು, ಅರ್ಸುಲಾ ಲಿ ಗ್ವಿನ್ ಅವರ 'ಎ ವಿಝಾರ್ಡ್ ಆಫ್ ಅರ್ತ್‌ಸೀ' (1968) ಇದೇ ಸಾಲಿನವು. 1997ರಿಂದ 2007ರವರೆಗೆ ಬಂದ ಹ್ಯಾರಿ ಪಾಟರ್ ಮಾಲೆಯಲ್ಲಿ ನಾಯಕನ ವಯಸ್ಸಿನೊಂದಿಗೆ ಕಥೆಯ ಕತ್ತಲೂ ಬೆಳೆಯುತ್ತದೆ. ಆದ್ದರಿಂದ ಹತ್ತು ವರ್ಷದ ಮಕ್ಕಳಿಗೆ ಏಳೂ ಪುಸ್ತಕ ಒಟ್ಟಿಗೇ ಕೊಡುವ ಆತುರ ಬೇಡ.

ಈ ಪಟ್ಟಿ ಮುಗಿದ ಮೇಲೆ ಏನು ಮಾಡುವುದು? ಆಗ ಮೂರು ಪ್ರಶ್ನೆಗಳು ನೆರವಾಗುತ್ತವೆ. ಲೇಖಕ ಯಾರಿಗಾಗಿ ಬರೆದದ್ದು? ನನಗೆ ಸಹಿಸದ್ದು ಯಾವುದು, ಕಾಮವೋ, ರಕ್ತಪಾತವೋ, ಹಿಂಸೆಯೋ? ಓದಿದವರು ಏನನ್ನುತ್ತಾರೆ? ಎರಡನೆಯದು ಮುಖ್ಯ. 'ಒಳ್ಳೆಯ ಪುಸ್ತಕ ಕೊಡಿ' ಎಂದರೆ ಗ್ರಂಥಪಾಲಕರು ಏನನ್ನಾದರೂ ಕೊಟ್ಟಾರು. 'ಕೊಲೆಯಿದ್ದರೂ ಪರವಾಗಿಲ್ಲ, ಚಿತ್ರಹಿಂಸೆಯ ವರ್ಣನೆ ಬೇಡ' ಎಂದರೆ ಅವರಿಗೂ ಆರಿಸಿಕೊಡುವುದು ಸುಲಭ. ಇಷ್ಟಾಗಿಯೂ ಬೇಡದ ಪುಟ ಎದುರಾದರೆ ಮಗುಚಿ ಮುಂದೆ ಹೋಗಿ, ಇಲ್ಲವೇ ಪುಸ್ತಕ ಹಿಂದಿರುಗಿಸಿ. ಕಾದಂಬರಿ ಪರೀಕ್ಷೆಯ ಸಿಲಬಸ್ಸಲ್ಲ, ಕೊನೆ ಮುಟ್ಟಿಸಲೇಬೇಕೆಂಬ ಕಟ್ಟಳೆಯಿಲ್ಲ.

ತಂದೆತಾಯಿಗಳು ಮಾಡಬೇಕಾದ ಕೆಲಸವೂ ಒಂದಿದೆ. ಮಕ್ಕಳು ಓದುತ್ತಿರುವ ಪುಸ್ತಕವನ್ನು ನೀವೂ ಓದಿ. ಪೊಲೀಸರಂತೆ ಪುಟ ತಡಕಲು ಅಲ್ಲ, ಊಟದ ಹೊತ್ತಿಗೆ "ಕೊಲೆಗಾರ ಯಾರೆಂದು ನಿನಗೆ ಎಷ್ಟನೇ ಪುಟದಲ್ಲಿ ಗೊತ್ತಾಯಿತು?" ಎಂದು ಕೇಳಲು. ಹಾಗೆ ಮಾತು ನಡೆಯುವ ಮನೆಯಲ್ಲಿ ಮುಜುಗರದ ಪುಟ ಬಂದರೆ ಮಕ್ಕಳೇ ಬಂದು ಹೇಳುತ್ತಾರೆ.