ಮಕ್ಕಳ ಆಟಕ್ಕೆ ಮನೆಯ ಆಸರೆ

ಮಗು ಹತ್ತನೆಯ ತರಗತಿಗೆ ಕಾಲಿಟ್ಟಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಮೂಲೆ ಸೇರುವುದು ಆಟದ ಸಾಮಾನು. ಪರೀಕ್ಷೆ ಮುಗಿಯಲಿ, ಆಮೇಲೆ ಆಡಿದರಾಯಿತು ಎಂಬುದು ಹೆತ್ತವರ ಸಮಾಧಾನದ ಮಾತು. ಆದರೆ ಆಟಕ್ಕೂ ಒಂದು ವಯಸ್ಸುಂಟು. ಅದು ಯಾರ ಪರೀಕ್ಷೆಗಾಗಿಯೂ ಕಾಯುವುದಿಲ್ಲ.

ಕಿರಿಯರ ವಿಶ್ವಕಪ್ ಹಾಕಿ ಪಂದ್ಯಾವಳಿಯನ್ನೇ ನೋಡಿ. 1979ರಲ್ಲಿ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಆರಂಭವಾದ ಈ ಪಂದ್ಯಾವಳಿ 21ರೊಳಗಿನ ತರುಣರಿಗೇ ಮೀಸಲು. ಕೆನಡಾ ಮೊದಲಾದ ಶೀತದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಗೂ ಇಂತಹದೇ ವಿಶ್ವ ಪಂದ್ಯಾವಳಿಯಿದೆ; ಅಲ್ಲಿ ಮಿತಿ 20 ವರ್ಷ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ವರ್ಷಾಂತ್ಯದ ಆ ಸಂಭ್ರಮ ಅಪರಿಚಿತವಲ್ಲ. ನಮ್ಮಲ್ಲಿಯೂ ಲಡಾಖಿನ ಹೆಣ್ಣುಮಕ್ಕಳೇ ಹೆಚ್ಚಾಗಿದ್ದ ತಂಡವು 2025ರಲ್ಲಿ ಐಸ್ ಹಾಕಿಯ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು.

2001ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಅರ್ಜೆಂಟೀನಾವನ್ನು 6–1ರಿಂದ ಮಣಿಸಿ ಭಾರತವು ಮೊದಲ ಬಾರಿ ಕಿರಿಯರ ವಿಶ್ವಕಪ್ ಗೆದ್ದಾಗ, ತಂಡದಲ್ಲಿ ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಇದ್ದರು. ಮೂರು ವರ್ಷಗಳ ಬಳಿಕ ಅವರು ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದರು. 2016ರಲ್ಲಿ ಲಖನೌದಲ್ಲಿ ಬೆಲ್ಜಿಯಂ ಎದುರು 2–1ರಿಂದ ಗೆದ್ದು ಭಾರತ ಮತ್ತೊಮ್ಮೆ ಆ ಕಪ್ ಪಡೆಯಿತು.

2025ರ ನವೆಂಬರ್–ಡಿಸೆಂಬರ್‌ನಲ್ಲಿ ಚೆನ್ನೈ ಹಾಗೂ ಮದುರೆಗಳಲ್ಲಿ 24 ತಂಡಗಳು ಸೆಣಸಿದವು. ಪಿ. ಆರ್. ಶ್ರೀಜೇಶ್ ತರಬೇತಿಯ ನಮ್ಮ ತಂಡದಲ್ಲಿ ಕರ್ನಾಟಕದ ಸುನಿಲ್ ಪಾಲಾಕ್ಷಪ್ಪ ಬೆನ್ನೂರ ಅವರೂ ಇದ್ದರು. ಸೆಮಿಫೈನಲ್‌ನಲ್ಲಿ ಜರ್ಮನಿಯೆದುರು 1–5ರ ಸೋಲು. ತವರಿನ ಜನರ ಮುಂದೆ ಇಂತಹ ಪೆಟ್ಟು ತಿಂದ ಹುಡುಗರು ಕಂಚಿನ ಪದಕಕ್ಕಾಗಿ ಮತ್ತೆ ಕಣಕ್ಕಿಳಿಯಬೇಕಾಯಿತು. ಪಂದ್ಯದ ಮುಕ್ಕಾಲು ಪಾಲು ಮುಗಿದಾಗಲೂ ಅರ್ಜೆಂಟೀನಾ 2–0ಯಿಂದ ಮುಂದಿತ್ತು. ಆದರೆ ಕೊನೆಯ ಕಾಲುಭಾಗದಲ್ಲಿ ನಮ್ಮವರು ನಾಲ್ಕು ಗೋಲು ಹೊಡೆದು 4–2ರಿಂದ ಗೆದ್ದರು. ಸೋತ ಮೇಲೆ ಮತ್ತೆ ಎದ್ದು ನಿಲ್ಲುವ ಈ ಪಾಠವನ್ನು ಯಾವ ಮನೆಪಾಠದಲ್ಲಿ ಹೇಳಿಕೊಟ್ಟಾರು? ಅಂಕ ಕಡಿಮೆಯಾದೊಡನೆ ಕುಸಿದು ಕೂರುವ ಮಕ್ಕಳನ್ನು ಕಂಡು ನೊಂದ ಹೆತ್ತವರು ಇದನ್ನು ಆಲೋಚಿಸಬೇಕು.

ಕೊಡಗು ಇಷ್ಟೊಂದು ಆಟಗಾರರನ್ನು ನೀಡಿರುವುದಕ್ಕೆ ಬರಿಯ ಮೈದಾನಗಳು ಕಾರಣವಲ್ಲ. ಅಲ್ಲಿ ಮನೆತನವೇ ತಂಡ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲು 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಹಿರಿಯರು, ಕಿರಿಯರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಅಜ್ಜನೇ ಕೋಲು ಹಿಡಿದು ನಿಂತಿರುವಾಗ ಮೊಮ್ಮಗನಿಗೆ ಆಟ ಬೇಡವೆನ್ನುವವರಾರು?

ಹೊಲತೋಟಗಳ ಹೂಡಿಯಲ್ಲಿ ಇಂದು ಬಹುಮಹಡಿ ವಸತಿಗಳು ಎದ್ದಿವೆ. ವಾಹನಗಳ ನಡುವೆ ಮಕ್ಕಳಿಗೆ ಓಡಲು ತಾವಿಲ್ಲ. ಹಾಗೆಂದು ದಾರಿಯೇ ಇಲ್ಲವೆನ್ನಲಾಗದು. ಹೂಡಿಯಲ್ಲಿ ಹತ್ತಿದ ನೇರಳೆ ಮಾರ್ಗದ ಮೆಟ್ರೋ ರೈಲೇ ಜ್ಞಾನಭಾರತಿಗೆ ಒಯ್ಯುತ್ತದೆ. ರಾಷ್ಟ್ರೀಯ ಹಾಕಿ ತಂಡದ ಶಿಬಿರಗಳು ನಡೆಯುವ ಕ್ರೀಡಾ ಪ್ರಾಧಿಕಾರದ ಕೇಂದ್ರವಿರುವುದು ಅಲ್ಲಿಯೇ. ಇಷ್ಟು ಸಮೀಪವಿದ್ದೂ ನಮ್ಮ ಎಷ್ಟು ಮಕ್ಕಳು ಹಾಕಿಕೋಲನ್ನು ಕೈಯಿಂದ ಮುಟ್ಟಿದ್ದಾರೆ?

ದೇಶದ ತಂಡದಲ್ಲಿ ಸ್ಥಾನ ಸಿಗುವುದು 18 ಮಂದಿಗೆ ಮಾತ್ರ. ಉಳಿದವರಿಗೆ ಓದು ಬೇಕೇಬೇಕು ಎಂಬ ತಂದೆಯ ಅಂಜಿಕೆ ಸುಳ್ಳಲ್ಲ. ಆದುದರಿಂದ ಓದನ್ನು ಬಿಡಿಸಬೇಡಿ. ಸಂಜೆಯ ಒಂದು ಗಂಟೆಯನ್ನು ಕಸಿದುಕೊಳ್ಳಬೇಡಿ. ಶಾಲೆಗೆ ಸೇರಿಸುವಾಗ ಫಲಿತಾಂಶದೊಡನೆ ಮೈದಾನವನ್ನೂ ವಿಚಾರಿಸಿ. ರಜೆಯಲ್ಲೊಮ್ಮೆ ಮನೆಮಂದಿಯೆಲ್ಲ ಕೂಡಿ ಒಂದು ಪಂದ್ಯ ನೋಡಿ ಬನ್ನಿ. ಮುಂದೆ ಮಗು ಆಟಗಾರನಾಗಲಿ, ಬಿಡಲಿ. ಗೆದ್ದಾಗ ಬೀಗದೆ, ಸೋತಾಗ ಬಾಗದೆ ನಡೆಯುವುದನ್ನು ಕಲಿತರೆ ಅದಕ್ಕಿಂತ ಮಿಗಿಲಾದ ಬಹುಮಾನ ಬೇರೆ ಯಾವುದಿದೆ?