ಅಕ್ಷರ ಬೇಡದ ಚಿತ್ರ

ಯಾವುದೇ ಉತ್ಸವದ ಯೋಗ್ಯತೆ ಅದರ ಆರಂಭದ ಆಡಂಬರದಿಂದ ತಿಳಿಯುವುದಿಲ್ಲ. ಕೊನೆಯ ದಿನ ಅದು ಯಾರನ್ನು ಕರೆದು ಗೌರವಿಸಿತು ಎಂಬುದರಿಂದ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಫ್ರಾನ್ಸ್ ದೇಶದ ಆನ್ಸಿ ಪಟ್ಟಣದ ಅಂತಾರಾಷ್ಟ್ರೀಯ ಆ್ಯನಿಮೇಷನ್ ಚಿತ್ರೋತ್ಸವ ಈ ಮಾತಿಗೆ ಒಳ್ಳೆಯ ನಿದರ್ಶನ. ನಾನು ಆ ದೇಶವನ್ನು ಕಂಡವನಲ್ಲ. ಓದಿ ತಿಳಿದಷ್ಟನ್ನು, ನೋಡಿ ಅನುಭವಿಸಿದಷ್ಟನ್ನು ಸಹಪಾಠಿ ಮಿತ್ರರ ಮುಂದೆ ಇಡುತ್ತೇನೆ.

ಆಲ್ಪ್ಸ್ ಪರ್ವತಗಳ ನಡುವೆ, ಸರೋವರದ ದಡದಲ್ಲಿರುವ ಆ ಊರಿನಲ್ಲಿ ಈ ಉತ್ಸವ ಮೊದಲು ನಡೆದದ್ದು 1960ರಲ್ಲಿ. ಬಹುಕಾಲ ಎರಡು ವರ್ಷಕ್ಕೊಮ್ಮೆ ಸೇರುತ್ತಿದ್ದದ್ದು 1998ರಿಂದ ಪ್ರತಿವರ್ಷ ನಡೆಯುತ್ತಿದೆ. ಚಿತ್ರ ಆರಂಭವಾಗುವ ಮುನ್ನ ಪ್ರೇಕ್ಷಕರು ಕಾಗದದ ವಿಮಾನ ಮಾಡಿ ವೇದಿಕೆಯತ್ತ ಹಾರಿಸುವುದು ಅಲ್ಲಿಯ ವಾಡಿಕೆ. ತೆರೆಯ ಮೇಲೆ ಮೊಲ ಕಂಡರೆ ಸಭೆಗೆ ಸಭೆಯೇ 'ಮೊಲ!' ಎಂದು ಕೂಗುತ್ತದೆಯಂತೆ. ಸಂಜೆ ಸರೋವರದ ಬಳಿಯ ಹುಲ್ಲುಬಯಲಿನಲ್ಲಿ ದೊಡ್ಡ ತೆರೆ ಕಟ್ಟಿ ಊರವರಿಗೆಲ್ಲ ಉಚಿತವಾಗಿ ಚಿತ್ರ ತೋರಿಸುತ್ತಾರೆ. ವಿದ್ವತ್ತು ಎಂದರೆ ಮುಖ ಗಂಟು ಹಾಕಿಕೊಳ್ಳುವುದಲ್ಲ ಎಂಬುದನ್ನು ಆ ಜನ ಬಲ್ಲರು.

2024ರ ಉತ್ಸವದ ಕೊನೆಯ ದಿನ ಜೂನ್ 15. ಅಂದು ದೀರ್ಘಚಿತ್ರಗಳ ಅಗ್ರ ಬಹುಮಾನವಾದ 'ಕ್ರಿಸ್ಟಲ್' ಆಸ್ಟ್ರೇಲಿಯಾದ ಆ್ಯಡಮ್ ಎಲಿಯಟ್ ಅವರ 'ಮೆಮೊಯರ್ ಆಫ್ ಎ ಸ್ನೇಲ್' ಚಿತ್ರಕ್ಕೆ ಸಂದಿತು. ಕೈಯಿಂದ ಮಾಡಿದ ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಚಿತ್ರ ತೆಗೆದು ಜೋಡಿಸಿದ ಕೃತಿ ಅದು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಹತ್ತು ನಿಮಿಷಕ್ಕೆ 14,400. ಇದನ್ನು ಬಲ್ಲವರು ಆ ಕೆಲಸವನ್ನು ಹುಡುಗಾಟಿಕೆ ಎನ್ನಲಾರರು.

ಆದರೆ ಅಂದು ನಾಲ್ಕು ಬಹುಮಾನಗಳನ್ನು ಪಡೆದದ್ದು ಇನ್ನೊಂದು ಚಿತ್ರ: ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋದಿಸ್ ಅವರ 'ಫ್ಲೋ'. ತೀರ್ಪುಗಾರರ ಬಹುಮಾನದ ಜೊತೆಗೆ ಪ್ರೇಕ್ಷಕರ ಬಹುಮಾನವೂ ಅದಕ್ಕೇ ಬಂದಿತು. ನಮ್ಮ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 18.9 ಲಕ್ಷ. ಇಡೀ ಲಾಟ್ವಿಯಾ ದೇಶದಲ್ಲಿರುವವರೂ ಹೆಚ್ಚುಕಡಿಮೆ ಅಷ್ಟೇ ಜನ! ಈತ ತನ್ನ ಹಿಂದಿನ ಚಿತ್ರ 'ಅವೇ'ಯನ್ನು ಒಬ್ಬನೇ ಕುಳಿತು ತಯಾರಿಸಿದವನು. ಅದಕ್ಕೂ 2019ರಲ್ಲಿ ಆನ್ಸಿಯಲ್ಲಿ ಬಹುಮಾನ ದೊರೆತಿತ್ತು. 'ಫ್ಲೋ' ಚಿತ್ರಕ್ಕೆ ಫ್ರಾನ್ಸ್, ಬೆಲ್ಜಿಯಂ ದೇಶಗಳ ನೆರವಿತ್ತು ನಿಜ. ಆದರೂ ಅದನ್ನು ರೂಪಿಸಿದ್ದು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯಬಹುದಾದ 'ಬ್ಲೆಂಡರ್' ಎಂಬ ತಂತ್ರಾಂಶದಲ್ಲಿ. 2025ರ ಮಾರ್ಚಿನಲ್ಲಿ ಅದು ಹಾಲಿವುಡ್ಡಿನ ಭಾರಿ ಚಿತ್ರಗಳನ್ನು ಹಿಂದೆ ಹಾಕಿ ಲಾಟ್ವಿಯಾಕ್ಕೆ ಮೊದಲ ಆಸ್ಕರ್ ತಂದುಕೊಟ್ಟಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಸುಳ್ಳಲ್ಲ.

'ಕಾರ್ಟೂನ್ ಎಂಬುದು ಮಕ್ಕಳ ಆಟ. ಪದವಿ ಓದುವವರಿಗೆ ಅದೇಕೆ?' ಎಂದು ಕೇಳುವವರುಂಟು. ಅವರಿಗೆ ನನ್ನ ಉತ್ತರ ಪುಸ್ತಕದ್ದಲ್ಲ, ಮನೆಯದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಓದು ಬಾರದು. ಪರದೇಶದ ಚಿತ್ರಗಳೆಲ್ಲ ತೆರೆಯ ಕೆಳಗೆ ಅಕ್ಷರ ಹಾಕಿ ಅವಳನ್ನು ಹೊರಗೇ ನಿಲ್ಲಿಸುತ್ತವೆ. 'ಫ್ಲೋ' ಚಿತ್ರದಲ್ಲಾದರೋ ಮಾತೇ ಇಲ್ಲ, ಮನುಷ್ಯರೇ ಇಲ್ಲ. ನೀರು ಏರುತ್ತದೆ, ಕರಿಯ ಬೆಕ್ಕೊಂದು ದೋಣಿ ಹತ್ತುತ್ತದೆ, ಒಂದನ್ನೊಂದು ಅರಿಯದ ಪ್ರಾಣಿಗಳು ಜೊತೆಗೂಡುತ್ತವೆ. ಕಳೆದ ರಜೆಯಲ್ಲಿ ಅದನ್ನು ಅವ್ವನಿಗೆ ತೋರಿಸಿದೆ. 2019ರ ಆಗಸ್ಟಿನ ಪ್ರವಾಹವನ್ನು ಕಂಡವಳು ಅವಳು. ನಡುವೆ ಒಮ್ಮೆ, 'ನಮಗ ದೋಣಿ ಬರೂದ್ರಾಗ ಕತ್ತಲಾಗಿತ್ತಲ್ಲೋ ತಮ್ಮಾ, ನೆನಪೈತೇನು?' ಎಂದಳು. ಆನ್ಸಿಯಲ್ಲಿ ಮತ ಹಾಕಿದ ಪ್ರೇಕ್ಷಕರಿಗಿಂತ ನಮ್ಮವ್ವ ಆ ಚಿತ್ರವನ್ನು ಕಡಿಮೆ ಅರ್ಥಮಾಡಿಕೊಂಡಳೆಂದು ಯಾವ ಪಂಡಿತರು ಹೇಳಿಯಾರು?

ಇದು ನಮಗೆ ಹೊಸದೂ ಅಲ್ಲ. ಬಿಳಿಯ ಪರದೆಯ ಹಿಂದೆ ದೀಪವಿಟ್ಟು, ಬಣ್ಣದ ತೊಗಲುಗೊಂಬೆಗಳನ್ನು ಕುಣಿಸಿ, ಓದು ಬಾರದ ಜನಕ್ಕೆ ರಾಮಾಯಣ ಮಹಾಭಾರತಗಳನ್ನು ಕಾಣಿಸಿದವರು ನಮ್ಮ ಶಿಳ್ಳೇಕ್ಯಾತರು. ಪಕ್ಕದ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅವರ ತೊಗಲುಗೊಂಬೆಗೂ ಆನ್ಸಿಯ ತೆರೆಗೂ ದೂರವಿರಬಹುದು, ಆದರೆ ಕುಲ ಒಂದೇ. ನಿರ್ಜೀವ ರೂಪಕ್ಕೆ ಜೀವ ಕೊಡುವುದೇ ಎರಡರ ಕಸುಬು. ಅವರು ಅದನ್ನು ಊರಿನ ಹಬ್ಬವಾಗಿ ಆಚರಿಸುತ್ತಾರೆ. ನಾವು ಪ್ರಶಸ್ತಿ ಬಂದ ದಿನ ಪತ್ರಿಕೆಯಲ್ಲಿ ಓದಿ ಮಡಿಸಿಡುತ್ತೇವೆ.

ಆದ್ದರಿಂದ ನನ್ನದೊಂದು ಸೂಚನೆ. ಕಾಲೇಜುಗಳ ವಾರ್ಷಿಕ ಸ್ನೇಹ ಸಮ್ಮೇಳನಕ್ಕೂ ಒಂದು ಕೊನೆಯ ದಿನವುಂಟು. ಭಾಷಣಗಳಾಗುತ್ತವೆ, ಬಹುಮಾನಗಳಾಗುತ್ತವೆ. ನನ್ನಂಥವರ ತಂದೆತಾಯಿಗಳು ಬಂದರೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು ಎದ್ದುಹೋಗುತ್ತಾರೆ. ಹಲವರು ಬರುವುದೇ ಇಲ್ಲ. ಆ ಸಂಜೆ ಬಯಲಿನಲ್ಲಿ ಒಂದು ತೆರೆ ಕಟ್ಟಿ, ಮಾತಿಲ್ಲದ ನಾಲ್ಕು ಚಿಕ್ಕ ಆ್ಯನಿಮೇಷನ್ ಚಿತ್ರಗಳನ್ನು ತೋರಿಸಬಾರದೇಕೆ? ಅವುಗಳ ಮೊದಲು ಅರ್ಧ ಗಂಟೆ ತೊಗಲುಗೊಂಬೆಯ ಆಟ ಇರಲಿ. ಖರ್ಚು ಒಂದು ಶಾಮಿಯಾನದ ಬಾಡಿಗೆಯನ್ನು ಮೀರಲಾರದು. ಪದವಿ ಪಡೆದ ಮಗನೂ ಅಕ್ಷರ ಕಾಣದ ತಾಯಿಯೂ ಒಂದೇ ಸಾಲಿನಲ್ಲಿ ಕುಳಿತು, ಒಂದೇ ಕ್ಷಣಕ್ಕೆ ನಗುವಂತಾದರೆ, ವಿದ್ಯೆ ನಮ್ಮನ್ನು ಮನೆಯಿಂದ ದೂರ ಒಯ್ಯಲಿಲ್ಲ ಎಂಬ ಸಮಾಧಾನವಾದರೂ ನಮಗಿದ್ದೀತು. ಹಿರಿಯರು ಇದನ್ನು ಪರಾಂಬರಿಸಬೇಕೆಂದು ವಿನಂತಿ.